ಬಡಿಸುವುದು ನಮ್ಮ ಕೆಲಸ, ಉಣ್ಣುವುದು ಮಗುವಿನ ಕೆಲಸ

‘ಡಾಕ್ಟ್ರೇ, ಮಗು ಏನೂ ತಿನ್ನಲ್ಲ, ಹಸಿವಾಗೋಕೆ ಟಾನಿಕ್ ಬರೆದುಕೊಡಿ’ ಎಂದು ಕೇಳುವ ತಾಯಂದಿರು ಬಹಳ. ಒಂದು ವಿಷಯ ತಿಳಿದುಕೊಂಡರೆ ಅರ್ಧ ಆತಂಕ ಕಡಿಮೆಯಾಗುತ್ತದೆ. ಹುಟ್ಟಿದಾಗ 3 ಕೆ.ಜಿ. ಇದ್ದ ಮಗು ವರ್ಷ ತುಂಬುವ ಹೊತ್ತಿಗೆ ಸುಮಾರು 9 ಕೆ.ಜಿ. ಆಗುತ್ತದೆ. ಎರಡನೇ ವರ್ಷದಲ್ಲಿ ಏರುವುದು 2ರಿಂದ 2.5 ಕೆ.ಜಿ. ಮಾತ್ರ. ಬೆಳವಣಿಗೆಯ ವೇಗ ತಗ್ಗಿದಂತೆ ಹಸಿವೂ ತಗ್ಗುತ್ತದೆ. 2ರಿಂದ 6 ವರ್ಷದೊಳಗೆ ಹೊಸ ತಿನಿಸು ಕಂಡರೆ ಮುಖ ತಿರುಗಿಸುವುದೂ ಸಹಜ.

ಮೊದಲು ಮಗುವಿನ ಒಂದು ದಿನವನ್ನು ಗಮನಿಸಿ. ಎದ್ದ ಕೂಡಲೇ ದೊಡ್ಡ ಲೋಟ ಹಾಲು, ಹತ್ತು ಗಂಟೆಗೆ ಬಿಸ್ಕತ್ತು, ಊಟಕ್ಕೆ ಮುಂಚೆ ಚಿಪ್ಸ್, ಮಲಗುವಾಗ ಮತ್ತೆ ಬಾಟಲಿ ಹಾಲು. ಇನ್ನು ಅನ್ನ–ಸಾರಿಗೆ ಹೊಟ್ಟೆಯಲ್ಲಿ ಜಾಗವೆಲ್ಲಿ? ವರ್ಷ ದಾಟಿದ ಮಗುವಿಗೆ ದಿನಕ್ಕೆ 400–500 ಮಿ.ಲೀ. ಹಾಲು ಸಾಕು. ಹಾಲಿನಲ್ಲಿ ಕಬ್ಬಿಣಾಂಶ ತೀರಾ ಕಡಿಮೆ. ಹಾಲೇ ಊಟವಾದರೆ ರಕ್ತಹೀನತೆ ಬರಬಹುದು, ಅದರಿಂದ ಹಸಿವು ಇನ್ನಷ್ಟು ಕುಗ್ಗುತ್ತದೆ. ಮೂರು ಊಟ, ಎರಡು ಸಣ್ಣ ತಿಂಡಿ, ನಡುವೆ ನೀರು ಮಾತ್ರ. ಈ ಕ್ರಮ ಇಟ್ಟುಕೊಳ್ಳಿ.

ಏನು, ಯಾವಾಗ, ಎಲ್ಲಿ ಎಂಬುದನ್ನು ಹಿರಿಯರು ನಿರ್ಧರಿಸಬೇಕು. ತಿನ್ನಬೇಕೇ, ಎಷ್ಟು ಎಂಬುದನ್ನು ಮಗುವಿಗೆ ಬಿಡಬೇಕು. ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಕೊಟ್ಟ ಈ ಸೂತ್ರ ನಮ್ಮ ಮನೆಗಳಿಗೂ ಹೊಂದುತ್ತದೆ. ಎಲ್ಲರ ಜೊತೆ ಕೂರಿಸಿ, ಮಗುವಿಗೆ ಒಗ್ಗಿದ ಮೊಸರನ್ನದ ಪಕ್ಕದಲ್ಲಿ ಒಂದೇ ಚಮಚ ಬೀನ್ಸ್ ಪಲ್ಯ ಬಡಿಸಿ. ಮೊದಲ ದಿನ ಅದನ್ನು ಬೆರಳಲ್ಲಿ ಒತ್ತಿ ನೋಡಬಹುದು, ಮೂಸಬಹುದು, ನಾಲಿಗೆಗೆ ತಾಗಿಸಿ ಉಗಿಯಬಹುದು. ಇದೆಲ್ಲ ಕಲಿಕೆಯೇ. ಹೊಸ ರುಚಿ ಒಗ್ಗಲು 8ರಿಂದ 15 ಸಲವಾದರೂ ಬೇಕಾಗಬಹುದು. ಮೂರ್ನಾಲ್ಕು ಸಲಕ್ಕೇ ‘ಇವನಿಗೆ ತರಕಾರಿ ಸೇರಲ್ಲ’ ಎಂದು ಕೈಬಿಡಬೇಡಿ.

‘ಪಲ್ಯ ತಿಂದರೆ ಚಾಕೊಲೇಟ್’ ಎಂಬ ಆಮಿಷ ಬೇಡ. ಪಲ್ಯ ಶಿಕ್ಷೆ, ಚಾಕೊಲೇಟ್ ಬಹುಮಾನ ಎಂದೇ ಮಗುವಿನ ಮನಸ್ಸಿನಲ್ಲಿ ಕೂರುತ್ತದೆ. ಮೊಬೈಲ್ ತೋರಿಸಿ ತುತ್ತು ತುರುಕಿದರೆ ಹೊಟ್ಟೆ ತುಂಬಿದ್ದು ಮಗುವಿಗೇ ತಿಳಿಯುವುದಿಲ್ಲ. ಅರ್ಧ ಗಂಟೆಯಾದ ಮೇಲೆ ಬೈಯದೆ ತಟ್ಟೆ ಎತ್ತಿಡಿ. ಉಣ್ಣಲಿಲ್ಲವೆಂದು ಬಿಸ್ಕತ್ತು ಕೊಡಬೇಡಿ. ಮುಂದಿನ ಹೊತ್ತಿಗೆ ಹಸಿವು ತಾನಾಗಿ ಬರುತ್ತದೆ. ಅಜ್ಜಿ–ತಾತನೂ ಸೇರಿ ಮನೆಮಂದಿಯೆಲ್ಲ ಇದೇ ನಿಯಮ ಪಾಲಿಸಬೇಕು.

ತೂಕ ಇಳಿಯುತ್ತಿದ್ದರೆ, ಮಗು ಬಿಳಿಚಿಕೊಂಡಿದ್ದರೆ, ಮಣ್ಣು–ಬಳಪ ತಿನ್ನುತ್ತಿದ್ದರೆ, ನುಂಗುವಾಗ ಪದೇ ಪದೇ ಉಸಿರು ಕಟ್ಟಿದಂತಾದರೆ ತಡ ಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ಗೆರೆ ಸರಿಯಾಗಿ ಏರುತ್ತಿದ್ದು, ಮಗು ಚಟುವಟಿಕೆಯಿಂದ ಆಡಿಕೊಂಡಿದ್ದರೆ ಟಾನಿಕ್ ಬೇಕಿಲ್ಲ. ಪಕ್ಕದ ಮನೆಯ ಮಗುವಿನ ತಟ್ಟೆಯ ಜೊತೆ ಹೋಲಿಸದೆ, ನಿಮ್ಮ ಮಗುವಿಗೆ ಇನ್ನಷ್ಟು ಸಮಯ ಕೊಡಿ.