ದೀರ್ಘಕಾಲಿಕ ಆಯಾಸ ಸಿಂಡ್ರೋಮ್: ಪೋಷಕಾಂಶಗಳ ಹೀರಿಕೆ ಮತ್ತು ಪೂರಕಗಳು – ಮುಖ್ಯಾಂಶಗಳು

ನರ್ಸಿಂಗ್, ಫಾರ್ಮಸಿ, ಆಹಾರ ವಿಜ್ಞಾನದ ಪರೀಕ್ಷೆಗೆ ಕೂರುವವರು ಈ ವಿಷಯದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ಪೂರಕ ಮಾತ್ರೆ ನೀಗಿಸುವುದು ಕೊರತೆಯನ್ನು, ಈ ರೋಗವನ್ನಲ್ಲ. ಸುಸ್ತು ಎಂದು ಬಂದವರ ರಕ್ತ ಪರೀಕ್ಷಿಸದೆ ವಿಟಮಿನ್ ಬರೆದುಕೊಡುವುದು ತಪ್ಪು. ಕೊರತೆ ನೀಗಿದ ಮೇಲೂ ಸುಸ್ತು ಹೋಗದವರಿಗೆ ‘ನಿಮಗೇನೂ ಆಗಿಲ್ಲ, ಎದ್ದು ಓಡಾಡಿ’ ಎನ್ನುವುದು ಅದಕ್ಕಿಂತ ದೊಡ್ಡ ತಪ್ಪು.

ರೋಗದ ಗುರುತು

ಪೂರ್ಣ ಹೆಸರು ಮಯಾಲ್ಜಿಕ್ ಎನ್ಸೆಫಲೊಮೈಲೈಟಿಸ್ ಅಥವಾ ದೀರ್ಘಕಾಲಿಕ ಆಯಾಸ ಸಿಂಡ್ರೋಮ್, ಚಿಕ್ಕದಾಗಿ ಎಂಇ/ಸಿಎಫ್‌ಎಸ್. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸಿಬ್ಬಂದಿಯಲ್ಲಿ ಹಬ್ಬಿದ ಕಾಯಿಲೆಯಿಂದ ಮೊದಲ ಹೆಸರು ಬಂತು. ಅಮೆರಿಕದ ನೆವಾಡಾದಲ್ಲಿ 1984–85ರಲ್ಲಿ ಇಂಥದೇ ಪ್ರಕರಣಗಳು ಕಂಡ ಮೇಲೆ 1988ರಲ್ಲಿ ಎರಡನೆಯ ಹೆಸರು ಬಂತು.

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಕೊಟ್ಟ ಮಾನದಂಡದಲ್ಲಿ ಮೂರು ಲಕ್ಷಣಗಳು ಕಡ್ಡಾಯ: 6 ತಿಂಗಳಿಗೂ ಮೀರಿ ಹಿಂದಿನಂತೆ ಕೆಲಸ ಮಾಡಲಾಗದಷ್ಟು ಆಯಾಸ, ಶ್ರಮದ ನಂತರದ ಕುಸಿತ, ಎಷ್ಟು ಮಲಗಿದರೂ ಹಗುರಾಗದ ನಿದ್ದೆ. ಇದರ ಜೊತೆ ಮರೆವು ಮತ್ತು ಗಮನದ ತೊಂದರೆ, ಇಲ್ಲವೇ ಎದ್ದು ನಿಂತಾಗ ಹೆಚ್ಚುವ ತ್ರಾಸ – ಇವೆರಡರಲ್ಲಿ ಒಂದಾದರೂ ಇರಬೇಕು. ಬ್ರಿಟನ್ನಿನ ನೈಸ್ ಸಂಸ್ಥೆಯ 2021ರ ಅಕ್ಟೋಬರ್ ಮಾರ್ಗಸೂಚಿಯ ಪ್ರಕಾರ ರೋಗ ದೃಢಪಡಿಸಲು 3 ತಿಂಗಳು ಸಾಕು. 6 ಮತ್ತು 3, ಯಾವುದು ಯಾರದೆಂದು ಕೇಳಬಹುದು. ಇದೇ ಮಾರ್ಗಸೂಚಿ ಹಂತಹಂತವಾಗಿ ವ್ಯಾಯಾಮ ಏರಿಸುವ ಚಿಕಿತ್ಸೆಯನ್ನು ಕೈಬಿಟ್ಟಿತು.

ಶ್ರಮದ ನಂತರದ ಕುಸಿತವೇ ಈ ರೋಗದ ಮುದ್ರೆ. ಸ್ನಾನ, ಅರ್ಧ ಗಂಟೆಯ ಮಾತು, ಒಲೆ ಮುಂದೆ ನಿಂತು ಒಂದು ಸಾರು ಮಾಡುವುದು, ಇಷ್ಟೇ ಸಾಕು. ಕುಸಿತ ಆಗಲೇ ಬರಬಹುದು, ಒಂದೆರಡು ದಿನ ತಡೆದೂ ಬರಬಹುದು. ರಕ್ತಹೀನತೆಯಿಂದ ಸುಸ್ತಾದವರು ಕೂತು ದಣಿವಾರಿಸಿಕೊಂಡರೆ ಸುಧಾರಿಸಿಕೊಳ್ಳುತ್ತಾರೆ, ಇಲ್ಲಿ ಹಾಗಾಗುವುದಿಲ್ಲ.

ಮೊದಲು ಕೊರತೆ ಹುಡುಕಬೇಕು

ಬಹುಕಾಲದ ಸುಸ್ತೆಲ್ಲ ಎಂಇ/ಸಿಎಫ್‌ಎಸ್ ಅಲ್ಲ. ಹಿಮೋಗ್ಲೋಬಿನ್ ಸಹಿತ ಪೂರ್ಣ ರಕ್ತ ಎಣಿಕೆ, ಫೆರಿಟಿನ್, ಥೈರಾಯ್ಡ್, ಎಚ್‌ಬಿಎ1ಸಿ, ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆ, ಕ್ಯಾಲ್ಸಿಯಂ, ಉರಿಯೂತದ ಸೂಚಕಗಳು (ಇಎಸ್‌ಆರ್, ಸಿಆರ್‌ಪಿ), ಸೀಲಿಯಾಕ್ ಕಾಯಿಲೆಯ ಪರೀಕ್ಷೆ – ಇವು ಮಾಡಲೇಬೇಕಾದವು. ಬಿ12, ಫೋಲೇಟ್, ವಿಟಮಿನ್ ಡಿ ಪರೀಕ್ಷೆಗಳನ್ನು ರೋಗಿಯ ಆಹಾರ, ಲಕ್ಷಣ ನೋಡಿ ಸೇರಿಸಬೇಕು. ನಮ್ಮಲ್ಲಿ ಸಸ್ಯಾಹಾರಿಗಳು ಇಷ್ಟು ಮಂದಿ ಇರುವಾಗ ಬಿ12 ಬಿಡುವುದಕ್ಕೆ ಕಾರಣವೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಸೀಲಿಯಾಕ್ ಕಾಯಿಲೆಯನ್ನು ಮರೆಯುವಂತಿಲ್ಲ. ಗೋಧಿಯ ಗ್ಲುಟೆನ್‌ಗೆ ದೇಹ ಸಿಡಿದೆದ್ದು ಸಣ್ಣ ಕರುಳಿನ ವಿಲ್ಲೈಗಳನ್ನು ಸವೆಸುತ್ತದೆ. ಕಬ್ಬಿಣ, ಫೋಲೇಟ್, ಕ್ಯಾಲ್ಸಿಯಂ ಒಳಗೆ ಹೋಗುವುದಿಲ್ಲ. ಹೊಟ್ಟೆನೋವೇ ಇಲ್ಲದೆ ಬರೀ ಸುಸ್ತಾಗಿಯೂ ಇದು ಕಾಣಿಸಿಕೊಳ್ಳಬಹುದು. ಪರೀಕ್ಷೆಯ ಹೆಸರು ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಪ್ರತಿಕಾಯ. ರೋಗಿ ಚಪಾತಿ ಬಿಟ್ಟು ತಿಂಗಳುಗಳಾಗಿದ್ದರೆ ಫಲಿತಾಂಶ ಸುಳ್ಳೇ ನೆಗೆಟಿವ್ ಬರಬಹುದು. ಪರೀಕ್ಷೆಯ ಹೊತ್ತಿಗೆ ಗೋಧಿ ತಿನ್ನುತ್ತಿರಬೇಕು.

ಎಲ್ಲಿ ಯಾವುದು ಹೀರಲ್ಪಡುತ್ತದೆ

• ಕಬ್ಬಿಣ: ಡ್ಯುಯೊಡಿನಂ ಮತ್ತು ಜೆಜುನಂನ ಮೇಲ್ಭಾಗ
• ಫೋಲೇಟ್: ಡ್ಯುಯೊಡಿನಂ, ಜೆಜುನಂ
• ಕ್ಯಾಲ್ಸಿಯಂ: ಡ್ಯುಯೊಡಿನಂನಲ್ಲಿ ವಿಟಮಿನ್ ಡಿ ನೆರವಿನಿಂದ, ಮುಂದಿನ ಭಾಗದಲ್ಲಿ ಅದರ ಹಂಗಿಲ್ಲದೆ
• ಎ, ಡಿ, ಇ, ಕೆ: ಕೊಬ್ಬಿನ ಜೊತೆ, ಪಿತ್ತರಸದ ನೆರವಿನಿಂದ
• ಬಿ12 ಮತ್ತು ಪಿತ್ತ ಲವಣ: ಇಲಿಯಂನ ಕೊನೆಯ ಭಾಗ

ಬಿ12ರ ದಾರಿ ಎಲ್ಲಕ್ಕಿಂತ ಉದ್ದ, ಅದಕ್ಕೇ ಅಡ್ಡಿಯೂ ಹೆಚ್ಚು. ಆಹಾರದ ಪ್ರೋಟೀನಿಗೆ ಅಂಟಿಕೊಂಡ ಬಿ12ನ್ನು ಜಠರದ ಆಮ್ಲ ಮತ್ತು ಪೆಪ್ಸಿನ್ ಬಿಡಿಸುತ್ತವೆ. ಅದು ಮೊದಲು ಹ್ಯಾಪ್ಟೊಕಾರಿನ್ ಎಂಬ ಪ್ರೋಟೀನಿನ ಕೈಹಿಡಿಯುತ್ತದೆ. ಮೇದೋಜೀರಕದ ಕಿಣ್ವಗಳು ಅಲ್ಲಿಂದ ಬಿಡಿಸಿದ ಮೇಲೆ, ಜಠರದ ಪರೈಟಲ್ ಕೋಶಗಳು ಸ್ರವಿಸಿದ ಇಂಟ್ರಿನ್ಸಿಕ್ ಫ್ಯಾಕ್ಟರ್ ಅದನ್ನು ಇಲಿಯಂವರೆಗೆ ಸಾಗಿಸುತ್ತದೆ. ಈ ದಾರಿಯಲ್ಲಿ ಒಂದು ಊಟಕ್ಕೆ ಸುಮಾರು 1.5ರಿಂದ 2 ಮೈಕ್ರೋಗ್ರಾಂ ಮಾತ್ರ ಒಳಸೇರಬಲ್ಲದು.

ಹಾಗಿದ್ದರೆ 1,000 ಮೈಕ್ರೋಗ್ರಾಂ ಮಾತ್ರೆ ಏಕೆ? ದೊಡ್ಡ ಪ್ರಮಾಣದಲ್ಲಿ ನುಂಗಿದಾಗ ಇಂಟ್ರಿನ್ಸಿಕ್ ಫ್ಯಾಕ್ಟರ್ ಇಲ್ಲದೆಯೂ ಸುಮಾರು ಶೇ 1ರಷ್ಟು ತಾನಾಗಿಯೇ ಕರುಳಿನ ಗೋಡೆ ದಾಟುತ್ತದೆ. ಅಂದರೆ ಸುಮಾರು 10 ಮೈಕ್ರೋಗ್ರಾಂ. ದಿನಕ್ಕೆ ಬೇಕಾದ 2 ಮೈಕ್ರೋಗ್ರಾಂ ಚಿಲ್ಲರೆಗೆ ಅದು ಧಾರಾಳ. ಆದ್ದರಿಂದಲೇ ಹಲವರಿಗೆ ಇಂಜೆಕ್ಷನ್ ಬದಲು ಮಾತ್ರೆ ಸಾಲುತ್ತದೆ. ಕೈಕಾಲು ಜೋಮು, ನಡಿಗೆಯ ತೊಡಕು ಇದ್ದರೆ ಮಾತ್ರ ಕಾಯದೆ ಇಂಜೆಕ್ಷನ್.

ಬಿ12ಕ್ಕೆ ಅಡ್ಡ ಬರುವ ಎರಡು ಔಷಧಗಳು ನಮ್ಮ ಎಷ್ಟೋ ಮನೆಗಳಲ್ಲಿವೆ: ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಮತ್ತು ಬೆಳಿಗ್ಗೆ ಖಾಲಿ ಹೊಟ್ಟೆಗೆ ವರ್ಷಗಟ್ಟಲೆ ನುಂಗುವ ‘ಗ್ಯಾಸ್ಟ್ರಿಕ್ ಮಾತ್ರೆ’ ಪ್ಯಾಂಟೊಪ್ರಜೋಲ್. ರೋಗಿಯ ಮಾತ್ರೆ ಚೀಲವನ್ನೊಮ್ಮೆ ಮೇಜಿನ ಮೇಲೆ ಸುರಿದು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಸಸ್ಯಾಹಾರಿಗಳಿಗೆ ಬಿ12ರ ಮೂಲ ಹಾಲು, ಮೊಸರು. ಸ್ಪಿರುಲಿನಾದಲ್ಲಿ ಇರುವುದು ಬಹುಪಾಲು ದೇಹಕ್ಕೆ ಒದಗದ ಹುಸಿ ಬಿ12.

ಕಬ್ಬಿಣ

ಸಸ್ಯಾಹಾರದ ಕಬ್ಬಿಣ ಹೀಮ್ ಅಲ್ಲದ ರೂಪದ್ದು, ಕಡಿಮೆ ಹೀರಲ್ಪಡುತ್ತದೆ. ಹೀರಿಕೆ ಹೆಚ್ಚಿಸುವುದು ವಿಟಮಿನ್ ಸಿ: ನಿಂಬೆರಸ, ನೆಲ್ಲಿಕಾಯಿ, ಸೀಬೆಹಣ್ಣು. ತಗ್ಗಿಸುವವು ಕಾಫಿ, ಟೀಗಳ ಪಾಲಿಫಿನಾಲ್, ಕಾಳು–ಧಾನ್ಯಗಳ ಫೈಟೇಟ್ ಮತ್ತು ಕ್ಯಾಲ್ಸಿಯಂ. ಸೊಪ್ಪಿನ ಬಸ್ಸಾರಿಗೆ ನಿಂಬೆ ಹಿಂಡಿಕೊಂಡು ತಿಂದದ್ದು ಒಳಗೆ ಹೋಗುತ್ತದೆ; ಊಟದ ಬೆನ್ನಿಗೇ ಕುಡಿದ ಸ್ಟ್ರಾಂಗ್ ಕಾಫಿ ಆ ಲಾಭವನ್ನು ಕಿತ್ತುಕೊಳ್ಳುತ್ತದೆ. ಊಟಕ್ಕೂ ಕಾಫಿಗೂ ಒಂದು ಗಂಟೆಯಾದರೂ ಅಂತರವಿರಲಿ. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಫೈಟೇಟ್ ಇಳಿಯುತ್ತದೆ.

ರಕ್ತಹೀನತೆಯ ಗಡಿ ಡೆಸಿಲೀಟರ್ ರಕ್ತಕ್ಕೆ ಹಿಮೋಗ್ಲೋಬಿನ್ ಹೆಂಗಸರಿಗೆ (ಗರ್ಭಿಣಿಯರನ್ನು ಬಿಟ್ಟು) 12, ಗಂಡಸರಿಗೆ 13 ಗ್ರಾಂ. ಆದರೆ ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್ ತಳ ಕಂಡಿರಬಹುದು. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ರಕ್ತಹೀನತೆ ಇಲ್ಲದ, ಆದರೆ ಫೆರಿಟಿನ್ 50ಕ್ಕಿಂತ ಕಡಿಮೆಯಿದ್ದ, ಸುಸ್ತಿನಿಂದ ಬಳಲುತ್ತಿದ್ದ ಮಹಿಳೆಯರಿಗೆ 12 ವಾರ ದಿನಕ್ಕೆ 80 ಮಿ.ಗ್ರಾಂ ಕಬ್ಬಿಣ ಕೊಟ್ಟಾಗ ಹುಸಿಮಾತ್ರೆಯವರಿಗಿಂತ ಸುಸ್ತು ಹೆಚ್ಚು ಇಳಿಯಿತು. ಇವರು ಎಂಇ/ಸಿಎಫ್‌ಎಸ್ ರೋಗಿಗಳಲ್ಲ. ಈ ಫಲಿತಾಂಶವನ್ನು ಆ ರೋಗಕ್ಕೆ ಅನ್ವಯಿಸಿ ಬರೆದರೆ ಅಂಕ ಹೋಗುತ್ತದೆ.

ಕಬ್ಬಿಣದ ಮಾತ್ರೆಯನ್ನು ದಿನ ಬಿಟ್ಟು ದಿನ ಕೊಡುವುದೇಕೆ? ಒಂದು ಡೋಸ್ ಕಬ್ಬಿಣ ಹೊಟ್ಟೆ ಸೇರುತ್ತಲೇ ಯಕೃತ್ತು ಹೆಪ್ಸಿಡಿನ್ ಹಾರ್ಮೋನನ್ನು ಹೆಚ್ಚಿಸುತ್ತದೆ. ಅದು ಸುಮಾರು 24 ಗಂಟೆ ಕಬ್ಬಿಣದ ಬಾಗಿಲನ್ನು ಮುಚ್ಚಿಡುತ್ತದೆ. ಮರುದಿನದ ಮಾತ್ರೆ ಹೆಚ್ಚು ಪೋಲು. 2017ರ ಅಧ್ಯಯನವೊಂದರಲ್ಲಿ ಪ್ರತಿದಿನ ನುಂಗಿದವರಲ್ಲಿ ಹೀರಿಕೆ ಶೇ 16.3, ದಿನ ಬಿಟ್ಟು ದಿನ ನುಂಗಿದವರಲ್ಲಿ ಶೇ 21.8. ಹೊಟ್ಟೆ ಮೊದಲೇ ಸೂಕ್ಷ್ಮವಾಗಿರುವ ಎಂಇ/ಸಿಎಫ್‌ಎಸ್ ರೋಗಿಗೆ ಇದರಿಂದ ವಾಕರಿಕೆ, ಮಲಬದ್ಧತೆಯೂ ಕಡಿಮೆಯಾಗಬಹುದು.

ಸರ್ಕಾರಿ ಮಾತ್ರೆಯ ಲೆಕ್ಕ: ಗರ್ಭಿಣಿಯರ ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಹದಿಹರೆಯದವರ ನೀಲಿ ಮಾತ್ರೆಯಲ್ಲೂ ಅಷ್ಟೇ. ಬಿ12 ಕೊರತೆ ಇರುವವರಿಗೆ ಫೋಲಿಕ್ ಆಮ್ಲ ಮಾತ್ರ ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಂಡು, ನರಗಳ ಹಾನಿ ಒಳಗೊಳಗೇ ಮುಂದುವರಿಯಬಹುದು. ಪ್ರತಿ ಪರೀಕ್ಷೆಯಲ್ಲೂ ಮತ್ತೆ ಮತ್ತೆ ಬರುವ ಪ್ರಶ್ನೆ ಇದು.

ವಿಟಮಿನ್ ಡಿ

ಮನೆಯಿಂದ ಹೊರಗೆ ಬರಲಾಗದ, ಹಾಸಿಗೆ ಹಿಡಿದ ರೋಗಿಗಳಿಗೆ ಬಿಸಿಲು ಸಿಗದೆ ವಿಟಮಿನ್ ಡಿ ಕೊರತೆಯಾಗುವ ಅಪಾಯವಿದೆ ಎಂದು ನೈಸ್ ಮಾರ್ಗಸೂಚಿ ಹೆಸರಿಸಿಯೇ ಎಚ್ಚರಿಸುತ್ತದೆ. ಕೊರತೆ ನೀಗಿಸುವುದು ಮೂಳೆ ಮತ್ತು ಸ್ನಾಯುಗಳಿಗಾಗಿ. ಸ್ಕಾಟ್ಲೆಂಡಿನ ಡಂಡೀಯಲ್ಲಿ 50 ರೋಗಿಗಳ ಮೇಲೆ ನಡೆದ, 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡು ತಿಂಗಳಿಗೊಮ್ಮೆ 1 ಲಕ್ಷ ಯೂನಿಟ್ ಕೊಟ್ಟರೂ ಆಯಾಸ ಕಡಿಮೆಯಾಗಲಿಲ್ಲ.

40 ಯೂನಿಟ್ ಅಂದರೆ 1 ಮೈಕ್ರೋಗ್ರಾಂ. ಐಸಿಎಂಆರ್ ಹೇಳುವ ದಿನದ ಪ್ರಮಾಣ 600 ಯೂನಿಟ್. ನಮ್ಮ ಮೆಡಿಕಲ್ ಶಾಪಿನ 60,000 ಯೂನಿಟ್ ಪುಡಿ ವಾರಕ್ಕೊಮ್ಮೆ, ಅದೂ ಕೆಲವು ವಾರ ಮಾತ್ರ. ಅದನ್ನು ದಿನಾ ಎಂದು ತಪ್ಪು ತಿಳಿದು ನುಂಗಿದರೆ ರಕ್ತದ ಕ್ಯಾಲ್ಸಿಯಂ ಏರಿ ವಾಂತಿ, ಗೊಂದಲ, ಮೂತ್ರಪಿಂಡದ ಹಾನಿ ಆಗುತ್ತದೆ. ಚೀಟಿಯ ಮೇಲೆ ‘ವಾರಕ್ಕೊಮ್ಮೆ’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು, ವಾರದ ಹೆಸರನ್ನೂ ಹೇಳಿ ಕಳಿಸುವುದು ನರ್ಸ್ ಮಾಡಬಹುದಾದ ದೊಡ್ಡ ಉಪಕಾರ.

ಪ್ರಯೋಗಗಳು ಹೇಳಿದ್ದೇನು

ಮೆಗ್ನೀಸಿಯಂ. 1991ರಲ್ಲಿ ಇಂಗ್ಲೆಂಡಿನ 32 ರೋಗಿಗಳ ಪ್ರಯೋಗ: ವಾರಕ್ಕೊಂದು ಇಂಜೆಕ್ಷನ್, 6 ವಾರ. ಮೆಗ್ನೀಸಿಯಂ ಪಡೆದ 15 ಮಂದಿಯಲ್ಲಿ 12, ಹುಸಿ ಇಂಜೆಕ್ಷನ್ ಪಡೆದ 17ರಲ್ಲಿ 3 ಮಂದಿ ಸುಧಾರಿಸಿದೆವೆಂದರು. ರೋಗಿಗಳ ಕೆಂಪು ರಕ್ತಕಣದಲ್ಲಿ ಮೆಗ್ನೀಸಿಯಂ ಕಡಿಮೆ ಎಂಬ ಅದರ ಮೂಲ ಮಾತನ್ನೇ ಮುಂದಿನ ಅಧ್ಯಯನಗಳು ದೃಢಪಡಿಸಲಿಲ್ಲ.

ಕೊಬ್ಬಿನಾಮ್ಲ. 1990ರಲ್ಲಿ 63 ರೋಗಿಗಳಿಗೆ ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆ ಮತ್ತು ಮೀನೆಣ್ಣೆ ಕೊಟ್ಟಾಗ ಶೇ 85 ಮಂದಿ ಸುಧಾರಿಸಿದರು, ಹುಸಿಮಾತ್ರೆಯಲ್ಲಿ ಶೇ 17. 1999ರಲ್ಲಿ 50 ರೋಗಿಗಳ ಮೇಲೆ ಇದನ್ನೇ ಪುನಃ ಮಾಡಿದಾಗ ವ್ಯತ್ಯಾಸವೇ ಕಾಣಲಿಲ್ಲ. ಒಂದು ಸಣ್ಣ ಪ್ರಯೋಗವನ್ನು ನಂಬಿ ಏಕೆ ಬರೆಯಬಾರದು ಎಂಬುದಕ್ಕೆ ಪಠ್ಯದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಬಹುವಿಟಮಿನ್. ನೆದರ್ಲೆಂಡ್ಸ್, 2002, 53 ರೋಗಿಗಳು: ವಿಟಮಿನ್, ಖನಿಜಗಳ ಮಿಶ್ರಣದಿಂದ ಪ್ರಯೋಜನವಿಲ್ಲ.

ಎನ್‌ಎಡಿಎಚ್ ಮತ್ತು ಕೋಎನ್‌ಜೈಮ್ ಕ್ಯೂ10. ಇವು ಕೋಶದ ಮೈಟೊಕಾಂಡ್ರಿಯದಲ್ಲಿ ಶಕ್ತಿ ತಯಾರಾಗುವ ಸರಪಳಿಯ ಕೊಂಡಿಗಳು. 1999ರಲ್ಲಿ ಎನ್‌ಎಡಿಎಚ್ ಪಡೆದ 26 ಮಂದಿಯಲ್ಲಿ 8 ಮಂದಿಗೆ ಗುಣ ಕಂಡಿತು. 2021ರಲ್ಲಿ ಸ್ಪೇನ್‌ನ 207 ರೋಗಿಗಳ ಪ್ರಯೋಗದಲ್ಲಿ 200 ಮಿ.ಗ್ರಾಂ ಕ್ಯೂ10, 20 ಮಿ.ಗ್ರಾಂ ಎನ್‌ಎಡಿಎಚ್ 12 ವಾರ ಕೊಟ್ಟಾಗ ಮುಖ್ಯವಾಗಿ ಮಾನಸಿಕ ದಣಿವು ಕೊಂಚ ಇಳಿಯಿತು. ಇದ್ದುದರಲ್ಲಿ ಆಸೆ ಹುಟ್ಟಿಸುವುದು ಇದೇ, ಆದರೆ ಎಲ್ಲ ರೋಗಿಗಳಿಗೂ ಬರೆದುಕೊಡುವಷ್ಟು ಪುರಾವೆ ಅಲ್ಲ.

ನೈಸ್ ತೀರ್ಮಾನ: ರೋಗ ಗುಣಪಡಿಸಲು ಅಥವಾ ಲಕ್ಷಣ ತಗ್ಗಿಸಲು ವಿಟಮಿನ್, ಖನಿಜ ಪೂರಕಗಳನ್ನು ವಾಡಿಕೆಯಾಗಿ ಸೂಚಿಸಲು ಸಾಕಷ್ಟು ಪುರಾವೆ ಇಲ್ಲ.

ಕರುಳು

ಈ ರೋಗಿಗಳಲ್ಲಿ ಇರಿಟಬಲ್ ಬವೆಲ್ ಸಿಂಡ್ರೋಮ್ ಸಾಮಾನ್ಯ. 2023ರ ಫೆಬ್ರುವರಿಯಲ್ಲಿ ಪ್ರಕಟವಾದ ಅಮೆರಿಕದ ಎರಡು ಅಧ್ಯಯನಗಳು ಕರುಳಿನಲ್ಲಿ ಬ್ಯುಟಿರೇಟ್ ತಯಾರಿಸುವ ಬ್ಯಾಕ್ಟೀರಿಯಾ ಕಡಿಮೆಯಿರುವುದನ್ನು ತೋರಿಸಿದವು. ಅವುಗಳಲ್ಲಿ ಹೆಸರು ನೆನಪಿಡಬೇಕಾದ್ದು ಫೀಕಾಲಿಬ್ಯಾಕ್ಟೀರಿಯಂ ಪ್ರಾಸ್ನಿಟ್ಜಿ. ಇದು ಕಾರಣವೋ ಪರಿಣಾಮವೋ ಇತ್ಯರ್ಥವಾಗಿಲ್ಲ. ಇದನ್ನೇ ಹಿಡಿದು ಪ್ರೋಬಯಾಟಿಕ್ ಮಾರುವವರನ್ನು ನಂಬಬೇಕಿಲ್ಲ.

ಹಾನಿ ಮತ್ತು ಹೊಂದಾಣಿಕೆ

ಥೈರಾಕ್ಸಿನ್ ಮಾತ್ರೆಗೂ ಕಬ್ಬಿಣ, ಕ್ಯಾಲ್ಸಿಯಂಗೂ 4 ಗಂಟೆ ಅಂತರ. ಕ್ಯಾಲ್ಸಿಯಂ ಕಾರ್ಬೊನೇಟ್ ಊಟದ ಜೊತೆ, ಸಿಟ್ರೇಟ್ ಯಾವಾಗಲಾದರೂ. ಸತು ಬಹುಕಾಲ ಹೆಚ್ಚಾದರೆ ತಾಮ್ರದ ಕೊರತೆ. ಮೆಗ್ನೀಸಿಯಂ ಹೆಚ್ಚಾದರೆ ಭೇದಿ. ಬಿ6 ಅತಿಯಾದರೆ ಕೈಕಾಲಿನ ನರಗಳಿಗೇ ಪೆಟ್ಟು. ಅಮೆರಿಕದ ಗರಿಷ್ಠ ಮಿತಿ ದಿನಕ್ಕೆ 100 ಮಿ.ಗ್ರಾಂ, ಯುರೋಪ್ 2023ರಲ್ಲಿ ತನ್ನ ಮಿತಿಯನ್ನು 12ಕ್ಕೆ ಇಳಿಸಿತು. ಕೂದಲಿಗೆಂದು ನುಂಗುವ ಬಯೋಟಿನ್ ಕೆಲವು ಲ್ಯಾಬ್ ವಿಧಾನಗಳಲ್ಲಿ ಥೈರಾಯ್ಡ್ ಫಲಿತಾಂಶವನ್ನೇ ತಿರುಚುತ್ತದೆ. ಸುಸ್ತಿನ ಕಾರಣ ಹುಡುಕುವಾಗ ಇದು ದಾರಿ ತಪ್ಪಿಸಬಹುದು, ಆದ್ದರಿಂದ ರಕ್ತ ಕೊಡುವ ಮೊದಲು ಕೇಳಬೇಕು.

ತೀವ್ರ ರೋಗಿ: ಕರುಳಿಗಿಂತ ಮೊದಲು ತುತ್ತು

ಹೀರಿಕೆಯ ಪ್ರಶ್ನೆ ಬರುವುದು ಆಹಾರ ಹೊಟ್ಟೆ ಸೇರಿದ ಮೇಲೆ. ರೋಗ ತೀವ್ರವಾದವರಿಗೆ ಅಗಿಯುವುದು, ನುಂಗುವುದು, ತಲೆ ಎತ್ತಿ ಕೂರುವುದೇ ಶ್ರಮ. ಅಡುಗೆಮನೆಯ ಒಗ್ಗರಣೆ ವಾಸನೆಗೇ ವಾಕರಿಕೆ ಬರುವವರಿದ್ದಾರೆ. ಇಲ್ಲಿ ಪೂರಕ ಎಂದರೆ ಮೊದಲು ಆಹಾರ: ದಿನಕ್ಕೆ ಮೂರು ತಟ್ಟೆಯ ಬದಲು ಆರೇಳು ಸಲ ಸ್ವಲ್ಪ ಸ್ವಲ್ಪ. ಹಾಲು ಬೆರೆಸಿದ ಹುರಿಹಿಟ್ಟಿನ ಗಂಜಿ, ಅಂಬಲಿ, ಮೊಸರನ್ನ ಕಿವುಚಿದ್ದು, ಸ್ಟ್ರಾ ಹಾಕಿದ ಲೋಟ ಹಾಸಿಗೆಯ ಪಕ್ಕ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 340–360 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಬೆಳಕು, ಸದ್ದು ತಗ್ಗಿಸಿ, ತಿನ್ನುವಾಗ ಮಾತಾಡಿಸದೆ ಬಿಡುವುದೂ ಆರೈಕೆಯ ಭಾಗ.

ತೂಕ ಇಳಿಯುತ್ತಿದ್ದರೆ ಈ ರೋಗದ ಅರಿವಿರುವ ಆಹಾರತಜ್ಞರ ಬಳಿ ಕಳಿಸಬೇಕು. ಬಾಯಿಂದ ಸಾಲದಾದರೆ ಕೊಳವೆ ಆಹಾರದ ಯೋಚನೆ ತಡವಾಗಬಾರದು. ಇಂಗ್ಲೆಂಡಿನಲ್ಲಿ 2021ರ ಅಕ್ಟೋಬರಿನಲ್ಲಿ 27 ವರ್ಷದ ಯುವತಿಯೊಬ್ಬಳು ತೀವ್ರ ಎಂಇಯಿಂದ ಉಂಟಾದ ಅಪೌಷ್ಟಿಕತೆಯಿಂದ ತೀರಿಕೊಂಡಳು. ಇಂಥ ರೋಗಿಗಳಿಗೆ ವಿಶೇಷ ಆರೈಕೆಯ ವ್ಯವಸ್ಥೆ ಇಲ್ಲದಿರುವುದನ್ನು ತನಿಖೆ ನಡೆಸಿದ ಅಧಿಕಾರಿ 2024ರ ವರದಿಯಲ್ಲಿ ಸರ್ಕಾರದ ಗಮನಕ್ಕೆ ತಂದರು.

ಬಹುದಿನ ಸರಿಯಾಗಿ ತಿನ್ನದವರಿಗೆ ಒಮ್ಮೆಲೇ ಪೂರ್ತಿ ಆಹಾರ ಕೊಟ್ಟರೆ ರೀಫೀಡಿಂಗ್ ಸಿಂಡ್ರೋಮ್: ಇನ್ಸುಲಿನ್ ಏರಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ರಕ್ತದಿಂದ ಕೋಶದೊಳಕ್ಕೆ ಸರಿಯುತ್ತವೆ, ಹೃದಯದ ಲಯ ತಪ್ಪಬಹುದು. ತಡೆಯುವ ಕ್ರಮ: ಆಹಾರ ಆರಂಭಿಸುವ ಮೊದಲೇ ಥಯಾಮಿನ್ ಕೊಡುವುದು, ಕ್ಯಾಲೊರಿಯನ್ನು ನಿಧಾನವಾಗಿ ಏರಿಸುವುದು, ಮೊದಲ ಕೆಲವು ದಿನ ಈ ಮೂರೂ ಲವಣಗಳನ್ನು ಪ್ರತಿದಿನ ಅಳೆಯುವುದು.