ಗದರುವ ಮೊದಲು

ಅಂಗಡಿಗೆ ಕಳುಹಿಸಿದ ಮಗ ದಾರಿಯಲ್ಲಿ ಆಟಕ್ಕೆ ನಿಂತರೆ ನೀವೇನು ಮಾಡುತ್ತೀರಿ?

ಪ್ರವಾದಿವರ್ಯರು(ಸ) ಒಮ್ಮೆ ಬಾಲಕ ಅನಸ್(ರ)ರನ್ನು ಕೆಲಸಕ್ಕೆ ಕಳುಹಿಸಿದರು. ಬಾಯಲ್ಲಿ ಹೋಗುವುದಿಲ್ಲವೆಂದರೂ ಮನದಲ್ಲಿ ಹೋಗುವ ಇರಾದೆಯೇ ಇತ್ತು. ಆದರೆ ಪೇಟೆಯಲ್ಲಿ ಆಡುತ್ತಿದ್ದ ಮಕ್ಕಳ ಬಳಿ ನಿಂತುಬಿಟ್ಟರು. ಹಿಂದಿನಿಂದ ಯಾರೋ ಕತ್ತು ಹಿಡಿದರು. ತಿರುಗಿ ನೋಡಿದರೆ ಪ್ರವಾದಿವರ್ಯರು(ಸ) ನಗುತ್ತಿದ್ದರು! 'ಉನೈಸ್' ಎಂದು ಮುದ್ದಾಗಿ ಕರೆದು, ಹೇಳಿದಲ್ಲಿಗೆ ಹೋದೆಯಾ ಎಂದಷ್ಟೇ ವಿಚಾರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ಈ ಘಟನೆಯಿದೆ.

ಗಮನಿಸಿರಿ: ಅವರು ಕೆಲಸವನ್ನು ಮರೆಯಗೊಡಲಿಲ್ಲ, ಗೆಳೆಯರೆದುರು ಮಗುವಿನ ಮಾನವನ್ನೂ ಕಳೆಯಲಿಲ್ಲ. 10 ವರ್ಷಗಳ ಸೇವೆಯಲ್ಲಿ ತನಗೊಮ್ಮೆಯೂ 'ಛೆ' ಎನ್ನಲಿಲ್ಲವೆಂದು ಅನಸ್(ರ) ಸ್ಮರಿಸಿದ್ದಾರೆ. ಬೈಗುಳಕ್ಕೆ ಹೆದರಿದ ಮಗು ಸುಳ್ಳು ಹೇಳಲು ಕಲಿಯುತ್ತದೆ.

ಇಂದು ಸಂಜೆ ಮಗ ತಡವಾಗಿ ಬಂದರೆ ಮೊದಲು ಅವನನ್ನು ಮುದ್ದಿನ ಹೆಸರಿನಿಂದ ಕರೆಯಿರಿ. ಕೆಲಸದ ಮಾತು ಆಮೇಲೆ.