ಅಳತೆಗೆ ತಕ್ಕ ಗ್ಲಾಸ್ ರ್ಯಾಕ್: ಮುಂಬಯಿಯ ಒಂದು ಸಣ್ಣ ಮರಗೆಲಸ ಉದ್ಯಮದ ಲೆಕ್ಕಾಚಾರ

ಮುಂಬಯಿ ನಗರದ ಪೂರ್ವ ಕಡಲಂಚಿನಲ್ಲಿ, ರೇ ರೋಡ್ ರೈಲು ನಿಲ್ದಾಣದ ಆಸುಪಾಸಿನಲ್ಲಿ, ಲಕಡಿ ಬಂದರ್ ಎಂಬ ಪ್ರದೇಶವಿದೆ. ಕಟ್ಟಿಗೆಯ ಬಂದರು ಎಂಬ ಈ ಹೆಸರೇ ಇಲ್ಲಿನ ಹಿಂದಿನ ವ್ಯಾಪಾರವನ್ನು ತಿಳಿಸುತ್ತದೆ. ನಗರವು ಉತ್ತರಕ್ಕೆ ಬೆಳೆದಂತೆ ಮರಗೆಲಸವೂ ಉತ್ತರಕ್ಕೆ ಸರಿಯಿತು. ಜೋಗೇಶ್ವರಿ ಪಶ್ಚಿಮದ ಓಶಿವಾರಾ ಪೀಠೋಪಕರಣಗಳ ದೊಡ್ಡ ಮಾರುಕಟ್ಟೆಯಾಯಿತು. ಸಾಕಿನಾಕಾ, ವಸಯಿ ಮುಂತಾದೆಡೆ ಕೈಗಾರಿಕಾ ವಸಾಹತುಗಳ 'ಗಾಳಾ'ಗಳಲ್ಲಿ ಸಣ್ಣ ಕಾರ್ಯಾಗಾರಗಳು ನೆಲೆಗೊಂಡವು. ಇಂತಹ ಒಂದು ಗಾಳಾದಲ್ಲಿ ಎರಡು ಮೂರು ಮಂದಿ ಸೇರಿ ನಡೆಸುವ ಮರಗೆಲಸಕ್ಕೆ ಅಂತರಜಾಲದ ಮೂಲಕ ಗಿರಾಕಿಗಳು ದೊರೆಯುವುದು ಇಂದು ಸಾಧ್ಯವಾಗಿದೆ. ಆದರೆ ಬೇಡಿಕೆ ಬಂದ ಮಾತ್ರಕ್ಕೆ ಬಡಗಿಯ ಕೈಗೆ ಕೂಲಿ ಉಳಿಯುವುದೆಂಬ ಖಾತರಿಯಿಲ್ಲ. ವೈನ್ ಗ್ಲಾಸುಗಳನ್ನು ತೂಗುಹಾಕುವ ರ್ಯಾಕ್ ಎಂಬ ಒಂದೇ ವಸ್ತುವನ್ನು ತೆಗೆದುಕೊಂಡು ಇದನ್ನು ಪರಿಶೀಲಿಸಬಹುದು.

ಈ ವಸ್ತು ಮುಂಬಯಿಗೆ ಹೊಸದಲ್ಲ. ಕರಾವಳಿ ಕರ್ನಾಟಕದಿಂದ ಬಂದವರು ಈ ನಗರದ ಹೋಟೆಲ್ ಉದ್ಯಮದಲ್ಲಿ ಪಡೆದ ಸ್ಥಾನ ಕನ್ನಡಿಗರಿಗೆ ತಿಳಿದದ್ದೇ ಆಗಿದೆ. ಮಾಟುಂಗಾದಲ್ಲಿ 1942ರಲ್ಲಿ ಎ. ರಾಮನಾಯಕರು ಸ್ಥಾಪಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶಾಕಾಹಾರಿ ಊಟಕ್ಕೆ ಹೆಸರಾಯಿತು. ಅದೇ ಕರಾವಳಿಯ ಇತರರು ಮುಂದೆ 'ಪರ್ಮಿಟ್ ರೂಮ್'ಗಳನ್ನೂ ನಡೆಸಿದರು. ಅಲ್ಲಿ ಗಲ್ಲೆಯ ಮೇಲ್ಭಾಗದಲ್ಲಿ ಸಾಲಾಗಿ ತಲೆಕೆಳಗಾಗಿ ತೂಗುವ ದಂಟಿನ ಗ್ಲಾಸುಗಳು ಸಾಮಾನ್ಯ ನೋಟವಾಗಿದ್ದವು. ಮಹಾರಾಷ್ಟ್ರ ಸರ್ಕಾರವು 2001ರಲ್ಲಿ ದ್ರಾಕ್ಷಿ ಸಂಸ್ಕರಣೆಯ ಉದ್ಯಮಗಳಿಗೆ ಉತ್ತೇಜನ ನೀಡುವ ನೀತಿಯನ್ನು ಪ್ರಕಟಿಸಿದ ನಂತರ ನಾಸಿಕ್ ಪರಿಸರದಲ್ಲಿ ವೈನ್ ತಯಾರಿಕೆ ಬೆಳೆಯಿತು. ಈ ಬಗೆಯ ಗ್ಲಾಸುಗಳು ಮನೆಗಳಿಗೂ ಬಂದವು. ಗ್ಲಾಸಿನಲ್ಲಿ ವೈನ್ ಇರುವುದೋ ಕೋಕಂ ಶರಬತ್ತು ಇರುವುದೋ ಎಂಬುದು ಬಡಗಿಗೆ ಸಂಬಂಧಿಸಿದ ವಿಷಯವಲ್ಲ. ಇಕ್ಕಟ್ಟಾದ ಫ್ಲ್ಯಾಟಿನ ಅಡುಗೆಮನೆಯಲ್ಲಿ ಅವುಗಳನ್ನು ಒಡೆಯದಂತೆ ಇಡಲು ಸ್ಥಳವಿಲ್ಲದಿರುವುದೇ ಅವನ ಉದ್ಯಮಕ್ಕೆ ಆಧಾರ.

ಅಳತೆ

ಗ್ಲಾಸಿಗೆ ಬಟ್ಟಲು, ದಂಟು, ಪಾದ ಎಂಬ ಮೂರು ಭಾಗಗಳಿವೆ. ರ್ಯಾಕಿನ ಎರಡು ಪಟ್ಟಿಗಳ ನಡುವಣ ಸಂದಿನಲ್ಲಿ ದಂಟು ಜಾರಿ ಒಳಸೇರುತ್ತದೆ. ಪಾದವು ಪಟ್ಟಿಗಳ ಮೇಲೆ ಕೂರುತ್ತದೆ. ದಂಟಿನ ದಪ್ಪ ಸಾಮಾನ್ಯವಾಗಿ 8ರಿಂದ 10 ಮಿಲಿಮೀಟರ್, ಪಾದದ ಅಗಲ ಸುಮಾರು 65ರಿಂದ 80 ಮಿಲಿಮೀಟರ್ ಇರುತ್ತದೆ. ಆದ್ದರಿಂದ 25 ಮಿಲಿಮೀಟರಿನ ಸಂದು ಹೆಚ್ಚಿನ ಗ್ಲಾಸುಗಳಿಗೆ ಒಪ್ಪುತ್ತದೆ. ತೊಂದರೆ ಉಂಟಾಗುವುದು ಬಟ್ಟಲಿನ ಅಗಲದಿಂದ. ಕೆಂಪು ವೈನಿನ ದೊಡ್ಡ ಗ್ಲಾಸುಗಳ ಬಟ್ಟಲು 10 ಸೆಂಟಿಮೀಟರನ್ನೂ ಮೀರುವುದುಂಟು. ಸಂದುಗಳ ಮಧ್ಯದ ಅಂತರ ಇದಕ್ಕಿಂತ ಕಡಿಮೆಯಾದರೆ ಪಕ್ಕದ ಸಾಲಿನ ಗ್ಲಾಸುಗಳು ಒಂದಕ್ಕೊಂದು ತಾಗುತ್ತವೆ.

ಗಿರಾಕಿಯು ದೂರವಾಣಿಯಲ್ಲಿ ಹೇಳಿದ ಅಳತೆಯನ್ನು ನಂಬಿ ಮರ ಕೊಯ್ಯುವುದು ಸರಿಯಲ್ಲ. ಮುಂಬಯಿಯ ಬಡಗಿಗಳು ಇಂದಿಗೂ ಇಂಚು ಮತ್ತು 'ಸೂತ್' ಲೆಕ್ಕದಲ್ಲಿ ಕೆಲಸ ಮಾಡುತ್ತಾರೆ. ಎಂಟು ಸೂತ್ ಸೇರಿದರೆ ಒಂದು ಇಂಚು. ಗಿರಾಕಿ ಮಿಲಿಮೀಟರಿನಲ್ಲಿ ಬರೆಯುತ್ತಾರೆ, ಇಲ್ಲವೇ 'ಮಾಮೂಲಿ ಗ್ಲಾಸು' ಎನ್ನುತ್ತಾರೆ. ಗ್ಲಾಸನ್ನು ಕಾಗದದ ಮೇಲೆ ಒಮ್ಮೆ ನೇರವಾಗಿ, ಒಮ್ಮೆ ಕವುಚಿ ಇಟ್ಟು ಪಾದ ಹಾಗೂ ಬಾಯಿಯ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಛಾಯಾಚಿತ್ರ ಕಳುಹಿಸುವಂತೆ ಕೋರುವುದು ಸುಲಭವಾದ ಉಪಾಯ. ಬಟ್ಟಲಿನ ಹೊಟ್ಟೆ ಬಾಯಿಗಿಂತ ಅಗಲವಾಗಿರುವುದರಿಂದ ಅದರ ಸುತ್ತಳತೆಯನ್ನು ದಾರದಿಂದ ಅಳೆದು ತಿಳಿಸಬೇಕು. ಅನಂತರ ಬಡಗಿಯು ನಕ್ಷೆ ಬರೆದು, ಅದಕ್ಕೆ ಲಿಖಿತ ಒಪ್ಪಿಗೆಯನ್ನೂ ಅರ್ಧ ಹಣವನ್ನೂ ಪಡೆದ ಮೇಲೆಯೇ ಮರಕ್ಕೆ ಗರಗಸ ಹಚ್ಚತಕ್ಕದ್ದು. ಒಬ್ಬರ ಅಳತೆಗೆ ಮಾಡಿದ ರ್ಯಾಕನ್ನು ಮತ್ತೊಬ್ಬರಿಗೆ ಮಾರುವುದು ಕಷ್ಟ.

ಮರ ಮತ್ತು ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಗಾಳಿಯಲ್ಲಿ ತೇವ ತುಂಬಿರುತ್ತದೆ. ಮರವು ಈ ತೇವವನ್ನು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಈ ಬದಲಾವಣೆ ಎಳೆಯ ಉದ್ದಕ್ಕೆ ನಗಣ್ಯ, ಎಳೆಗೆ ಅಡ್ಡವಾಗಿ ಗಣನೀಯ. ತೇಗವು ಕಡಿಮೆ ಉಬ್ಬುವ ಮರಗಳಲ್ಲಿ ಒಂದು. ಹಾಗಿದ್ದರೂ ಅದರ ತೇವಾಂಶ ಶೇಕಡಾ 6ರಷ್ಟು ಹೆಚ್ಚಿದರೆ 30 ಸೆಂಟಿಮೀಟರ್ ಅಗಲದ ಹಲಗೆ 3 ಮಿಲಿಮೀಟರಿನಷ್ಟು, ಅಂದರೆ ಸುಮಾರು ಒಂದು ಸೂತ್ ಅಗಲವಾಗಬಹುದು.

ರ್ಯಾಕಿನಲ್ಲಿ ಮೇಲಿನ ಹಲಗೆಯ ಎಳೆ ಎಡದಿಂದ ಬಲಕ್ಕೆ ಹಾಯುತ್ತದೆ. ಗ್ಲಾಸು ಹಿಡಿಯುವ ಪಟ್ಟಿಗಳು ಮುಂದಿನಿಂದ ಹಿಂದಕ್ಕೆ, ಎಳೆಗೆ ಅಡ್ಡವಾಗಿ ಕೂರುತ್ತವೆ. ಪಟ್ಟಿಗಳನ್ನು ಉದ್ದಕ್ಕೂ ಅಂಟು ಹಾಕಿ ಬಿಗಿದರೆ ಹಲಗೆಗೆ ಹಿಗ್ಗಲು ಅವಕಾಶವಿಲ್ಲದೆ ಅದು ಬಾಗುತ್ತದೆ, ಇಲ್ಲವೇ ಕುಗ್ಗುವ ಕಾಲದಲ್ಲಿ ಸೀಳುತ್ತದೆ. ಮೇ ತಿಂಗಳಲ್ಲಿ ಅಂದವಾಗಿ ಹೊರಟ ರ್ಯಾಕಿನ ಬಗ್ಗೆ ಆಗಸ್ಟ್‌ನಲ್ಲಿ ದೂರು ಬರುವುದು ಇದೇ ಕಾರಣದಿಂದ. ಪ್ರತಿ ಪಟ್ಟಿಯನ್ನು ಮಧ್ಯದಲ್ಲಿ ಮಾತ್ರ ಒಂದು ಸ್ಕ್ರೂನಿಂದ ಬಿಗಿದು, ಎರಡು ತುದಿಗಳ ಸ್ಕ್ರೂಗಳಿಗೆ ಉದ್ದನೆಯ ರಂಧ್ರ ಕೊರೆದರೆ ಹಲಗೆ ಅಲುಗಾಡಲು ಎಡೆ ದೊರೆಯುತ್ತದೆ. ಮೇಲಿನ ಹಲಗೆಗೆ ಉತ್ತಮ ಪ್ಲೈವುಡ್ ಬಳಸುವುದು ಇನ್ನೊಂದು ದಾರಿ. ಮರವನ್ನು ಒಳಗೂ ಹೊರಗೂ, ಕಣ್ಣಿಗೆ ಕಾಣದ ಹಿಂಬದಿಗೂ ಒಂದೇ ಸಮನಾಗಿ ಪಾಲಿಶ್ ಮಾಡಬೇಕು. ಹಿಂಬದಿ ಬಿಟ್ಟುಬಿಟ್ಟು ಉಳಿಸುವ ಅರ್ಧ ಗಂಟೆ ಮುಂದೆ ದುಬಾರಿಯಾಗುತ್ತದೆ.

ಮರದ ಧೂಳು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿಯೇ ವರ್ಗೀಕರಿಸಿದೆ. ಬಾಗಿಲು ಮುಚ್ಚಿದ ಗಾಳಾದಲ್ಲಿ ಮುಖಗವಸು ಇಲ್ಲದೆ ಮರ ಉಜ್ಜುವುದು ಯಾವ ಕಾರಣಕ್ಕೂ ತಕ್ಕುದಲ್ಲ.

ಗೋಡೆ

ಎರಡು ಅಡಿ ಅಗಲದ, ಮೇಲೆ ಬಾಟಲಿಗಳ ಹಲಗೆಯುಳ್ಳ ರ್ಯಾಕ್ ಸುಮಾರು 7 ಕಿಲೋ ತೂಗುತ್ತದೆ. 15 ಗ್ಲಾಸುಗಳಿಗೆ ಎರಡೂವರೆ ಕಿಲೋ, ತುಂಬಿದ ಐದು ಬಾಟಲಿಗಳಿಗೆ ಆರೂವರೆ ಕಿಲೋ ಸೇರಿಸಿದರೆ ಗೋಡೆಯ ಮೇಲೆ 16 ಕಿಲೋ ಭಾರ ಬೀಳುತ್ತದೆ. ರ್ಯಾಕ್ ಗೋಡೆಯಿಂದ ಒಂದು ಅಡಿ ಮುಂಚಾಚುವುದರಿಂದ ಮೇಲಿನ ಸ್ಕ್ರೂಗಳನ್ನು ಹೊರಕ್ಕೆ ಎಳೆಯುವ ಬಲವೂ ಉಂಟಾಗುತ್ತದೆ. ಗಿರಗಾಂವ್ ಅಥವಾ ದಾದರಿನ ಹಳೆಯ ಕಟ್ಟಡದಲ್ಲಿ ಗಾರೆ ಉದುರುತ್ತಿರಬಹುದು. ಹೊಸ ಬಡಾವಣೆಯ ಬಹುಮಹಡಿಗಳಲ್ಲಿ ಗೋಡೆ ಹಗುರವಾದ ರಂಧ್ರಯುಕ್ತ ಕಾಂಕ್ರೀಟ್ ಇಟ್ಟಿಗೆಯದಾಗಿರಬಹುದು. ಅಂತಹ ಇಟ್ಟಿಗೆಯಲ್ಲಿ ಸಾಧಾರಣ ಪ್ಲಾಸ್ಟಿಕ್ ಬಿರಡೆ ಹಿಡಿಯುವುದಿಲ್ಲ, ಅದಕ್ಕೆಂದೇ ಮಾಡಿದ ಬಿರಡೆಗಳು ಬೇಕು. ಗೋಡೆ ಯಾವುದರದೆಂಬ ಪ್ರಶ್ನೆಯನ್ನು ಅಳತೆಯ ಜೊತೆಗೇ ಕೇಳಿ, ಹೊರಬಹುದಾದ ಗರಿಷ್ಠ ಭಾರವನ್ನು ರ್ಯಾಕಿನ ಹಿಂಬದಿಯಲ್ಲಿ ಬರೆದು ಕಳುಹಿಸುವುದು ಅವಶ್ಯ.

ಪೆಟ್ಟಿಗೆ ಮತ್ತು ಬೆಲೆ

ಬಡಗಿಯ ಹಣ ಸೋರುವ ಮುಖ್ಯ ಸ್ಥಳ ಸಾಗಣೆಯ ಪೆಟ್ಟಿಗೆ. ಕೊರಿಯರ್ ಸಂಸ್ಥೆಗಳು ವಸ್ತುವಿನ ತೂಕವನ್ನೂ ಅದು ಆಕ್ರಮಿಸುವ ಜಾಗವನ್ನೂ ಲೆಕ್ಕ ಹಾಕಿ, ಎರಡರಲ್ಲಿ ಹೆಚ್ಚಿನದಕ್ಕೆ ಶುಲ್ಕ ವಿಧಿಸುತ್ತವೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಬಹಳ ಕಡೆ ಇರುವ ಕ್ರಮ. ಮೇಲೆ ಹೇಳಿದ ರ್ಯಾಕನ್ನು ಜೋಡಿಸಿಯೇ ಕಳುಹಿಸಿದರೆ ಪೆಟ್ಟಿಗೆ 66, 36, 41 ಸೆಂಟಿಮೀಟರ್ ಆಗುತ್ತದೆ. ಲೆಕ್ಕದ ತೂಕ ಹತ್ತೊಂಬತ್ತೂವರೆ ಕಿಲೋ. ಬಿಡಿಭಾಗಗಳಾಗಿ ಪದರ ಪದರವಾಗಿ ಜೋಡಿಸಿದರೆ ಪೆಟ್ಟಿಗೆಯ ಎತ್ತರ 12 ಸೆಂಟಿಮೀಟರಿಗೆ ಇಳಿದು ಲೆಕ್ಕದ ತೂಕ 5.7 ಕಿಲೋ ಆಗುತ್ತದೆ. ಆಗ ನಿಜವಾದ ತೂಕವಾದ 8 ಕಿಲೋಗೆ ಮಾತ್ರ ಶುಲ್ಕ ಬೀಳುತ್ತದೆ.

ಇದರ ಪರಿಣಾಮವನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡೋಣ. ಮರಕ್ಕೆ 1,300 ರೂಪಾಯಿ, ಸ್ಕ್ರೂ, ಮರಳುಕಾಗದ ಹಾಗೂ ಪಾಲಿಶ್‌ಗೆ 350, ಗಂಟೆಗೆ 120ರಂತೆ ಏಳು ಗಂಟೆಯ ಕೂಲಿ 840, ಬಾಡಿಗೆ, ವಿದ್ಯುತ್ ಮತ್ತು ಉಪಕರಣಗಳ ಸವಕಳಿಗೆ 300 ಎಂದಿಟ್ಟುಕೊಂಡರೆ ತಯಾರಿಕೆಯ ವೆಚ್ಚ 2,790 ರೂಪಾಯಿ. ಮಾರಾಟದ ಬೆಲೆ 4,000, ಮಾರಾಟ ತಾಣದ ದಲ್ಲಾಳಿ ಶೇಕಡಾ 15, ಕೊರಿಯರ್ ಕಿಲೋಗೆ 40 ರೂಪಾಯಿ ಎಂದು ಭಾವಿಸೋಣ. ಜೋಡಿಸಿದ ರ್ಯಾಕಿಗೆ ಪೆಟ್ಟಿಗೆ 250, ಕೊರಿಯರ್ 800, ದಲ್ಲಾಳಿ 600 ಸೇರಿ ಒಟ್ಟು 4,440 ಆಗುತ್ತದೆ. ಒಂದೊಂದು ಮಾರಾಟಕ್ಕೂ 440 ರೂಪಾಯಿ ನಷ್ಟ. ಬಿಡಿಭಾಗಗಳ ಪೆಟ್ಟಿಗೆ 160, ಕೊರಿಯರ್ 320 ಆದರೆ ಒಟ್ಟು 3,870. ಉಳಿಯುವುದು 130 ರೂಪಾಯಿ. ಬೆಲೆಯನ್ನು 4,500ಕ್ಕೆ ಏರಿಸಿದಾಗ 555 ರೂಪಾಯಿ ಉಳಿಯುತ್ತದೆ. ಆದರೆ ಹತ್ತರಲ್ಲಿ ಒಂದು ರ್ಯಾಕ್ ದಾರಿಯಲ್ಲಿ ಹಾಳಾಗಿ ಹೊಸದನ್ನು ಕಳುಹಿಸಬೇಕಾಗಿ ಬಂದರೆ ಅದರ ಹೊರೆ ಪ್ರತಿ ರ್ಯಾಕಿಗೆ 327 ರೂಪಾಯಿ. ಕಡೆಗೆ ನಿಲ್ಲುವುದು 228 ರೂಪಾಯಿ.

ಈ ಪಟ್ಟಿಯಲ್ಲಿ ಕೂಲಿಯ ಬಾಬತ್ತೇ ಅತಿ ಸುಲಭವಾಗಿ ಬಿಟ್ಟುಹೋಗುವಂಥದು. ಮಾಲೀಕನೇ ಬಡಗಿಯಾದಾಗ ತನ್ನ ದುಡಿಮೆಗೆ ಬೆಲೆ ಕಟ್ಟಲು ಸಂಕೋಚಪಡುತ್ತಾನೆ. 840 ರೂಪಾಯಿಯನ್ನು ಬಿಟ್ಟು ಲೆಕ್ಕ ಹಾಕಿದರೆ ಜೋಡಿಸಿದ ರ್ಯಾಕಿನ ಮಾರಾಟವೂ 400 ರೂಪಾಯಿ ಲಾಭದಂತೆ ಕಾಣುತ್ತದೆ. ವರ್ಷದ ಕೊನೆಗೆ ಕೈ ಬರಿದಾಗಿರುವುದು ಏಕೆಂದು ಅವನಿಗೆ ತಿಳಿಯುವುದೇ ಇಲ್ಲ.

ತೆರಿಗೆ

ಸರಕುಗಳನ್ನು ಮಾತ್ರ ಮಾರುವವರಿಗೆ ಮಹಾರಾಷ್ಟ್ರದಲ್ಲಿ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರುವವರೆಗೆ ಸರಕು ಮತ್ತು ಸೇವಾ ತೆರಿಗೆಯ ನೋಂದಣಿ ಕಡ್ಡಾಯವಲ್ಲ. ಮೊದಲು ಮಾರಾಟ ತಾಣಗಳ ಮೂಲಕ ಮಾರುವವರಿಗೆ ಈ ವಿನಾಯಿತಿ ಇರಲಿಲ್ಲ. 2023ರ ಅಕ್ಟೋಬರ್ 1ರಿಂದ, ಅದೇ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರು ಪಾನ್ ಆಧಾರದ ಮೇಲೆ ದಾಖಲಾತಿ ಸಂಖ್ಯೆ ಪಡೆದು ತಾಣಗಳ ಮೂಲಕ ಮಾರಲು ಅವಕಾಶ ದೊರೆಯಿತು. ಆದರೆ ಒಂದು ರ್ಯಾಕನ್ನು ಬೆಂಗಳೂರಿಗೋ ಮಂಗಳೂರಿಗೋ ಕಳುಹಿಸಿದೊಡನೆ ಅದು ಅಂತರರಾಜ್ಯ ಮಾರಾಟವಾಗುತ್ತದೆ. ಕರಕುಶಲ ವಸ್ತುವೆಂದು ಅಧಿಸೂಚಿತವಾದವುಗಳಿಗೆ ಪ್ರತ್ಯೇಕ ರಿಯಾಯಿತಿ ಇದೆ. ಸಾಧಾರಣ ಮರಗೆಲಸಕ್ಕೆ ನೋಂದಣಿ ಬೇಕೇ ಬೇಕು. ಮರದ ಪೀಠೋಪಕರಣದ ತೆರಿಗೆ ಶೇಕಡಾ 18. ತೆರಿಗೆ ಸೇರಿದ 4,500 ರೂಪಾಯಿ ಬೆಲೆಯಲ್ಲಿ 686 ರೂಪಾಯಿ ತೆರಿಗೆಯದೇ ಆಗಿರುತ್ತದೆ. ಖರೀದಿಗಳ ಮೇಲೆ ತೆತ್ತ ತೆರಿಗೆಯನ್ನು ಇದರಿಂದ ಕಳೆಯಬಹುದು. ಕಳೆದರೂ ಮೇಲಿನ 228 ರೂಪಾಯಿ ಬಹುಮಟ್ಟಿಗೆ ಕರಗಿಹೋಗುತ್ತದೆ. ಆದುದರಿಂದ ಹೊರರಾಜ್ಯದ ಬೆಲೆಯನ್ನು ಬೇರೆಯಾಗಿಯೇ ನಿಗದಿಪಡಿಸಬೇಕು. ಮರವನ್ನು ರಸೀದಿ ಪಡೆದೇ ಕೊಳ್ಳುವುದು ಈ ಕಾರಣಕ್ಕೂ ಮುಖ್ಯ.

ವಿದೇಶದಲ್ಲಿರುವ ಬಂಧುಗಳಿಂದ ಬೇಡಿಕೆ ಬಂದಲ್ಲಿ ಬೀಟೆ ಜಾತಿಯ ಶೀಶಂ ಮರದ ಬಗ್ಗೆ ಎಚ್ಚರ ವಹಿಸಬೇಕು. ಈ ಜಾತಿಗೆ ಅಂತರರಾಷ್ಟ್ರೀಯ ಒಪ್ಪಂದದಡಿ 2017ರಿಂದ ರಫ್ತು ನಿಯಂತ್ರಣವಿದೆ. ಶೀಶಂನಿಂದ ಮಾಡಿದ, ತಲಾ 10 ಕಿಲೋಗಿಂತ ಕಡಿಮೆ ತೂಗುವ ವಸ್ತುಗಳಿಗೆ ಆ ಪರವಾನಗಿ ಬೇಕಿಲ್ಲವೆಂದು 2022ರ ಸಮ್ಮೇಳನದಲ್ಲಿ ಸ್ಪಷ್ಟಪಡಿಸಲಾಯಿತು.

ಹೋಟೆಲುಗಳ ಬಾಕಿ

ಮನೆಯವರು ಮುಂಗಡ ಕೊಡುತ್ತಾರೆ; ಹೋಟೆಲಿನವರು ಒಮ್ಮೆಗೆ ಹತ್ತು ರ್ಯಾಕ್ ಕೇಳಿ, ಹಣವನ್ನು ಮುಂದಿನ ತಿಂಗಳು ಎನ್ನುತ್ತಾರೆ. ಊರಿನವರೆಂಬ ದಾಕ್ಷಿಣ್ಯದಿಂದ ಬಡಗಿ ಸುಮ್ಮನಾಗುವುದೂ ಉಂಟು. ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮ, 2006ರ ಮೇರೆಗೆ ಲಿಖಿತ ಕರಾರು ಇದ್ದರೂ ಪಾವತಿಯ ಅವಧಿ 45 ದಿನಗಳನ್ನು ಮೀರುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಬ್ಯಾಂಕ್ ದರದ ಮೂರು ಪಟ್ಟಿನಂತೆ ಚಕ್ರಬಡ್ಡಿ ಸಲ್ಲುತ್ತದೆ. ಈ ರಕ್ಷಣೆ ಪಡೆಯಲು ಉದ್ಯಮವು ಮಾರಾಟಕ್ಕೆ ಮುಂಚೆಯೇ 'ಉದ್ಯಮ್' ನೋಂದಣಿ ಮಾಡಿಸಿಕೊಂಡಿರುವುದು ಕ್ಷೇಮ. 2020ರ ಜುಲೈ 1ರಿಂದ ಜಾರಿಗೆ ಬಂದ ಈ ನೋಂದಣಿಗೆ ಶುಲ್ಕವಿಲ್ಲ. ಹಣ ಕೇಳುವ ಮಧ್ಯವರ್ತಿಗಳನ್ನು ದೂರವಿಡಬೇಕು.

ಉಪಕರಣ ಕೊಳ್ಳಲು ಬಂಡವಾಳ ಬೇಕಾದವರಿಗೆ 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ ಬಡಗಿ ವೃತ್ತಿಯೂ ಸೇರಿದೆ. ಉಪಕರಣಗಳಿಗೆ 15,000 ರೂಪಾಯಿವರೆಗಿನ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಬಳಿಕ 2 ಲಕ್ಷ ರೂಪಾಯಿ ಸಾಲ, ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ ಇದರ ಅಂಶಗಳು. ಕೈಯಿಂದ ಹಾಗೂ ಕೈ ಉಪಕರಣಗಳಿಂದ ಸ್ವಂತ ದುಡಿಮೆ ಮಾಡುವವರಿಗೆ, ಕುಟುಂಬಕ್ಕೆ ಒಬ್ಬರಿಗೆ ಮಾತ್ರ ಇದು ಅನ್ವಯಿಸುತ್ತದೆ. ಸಾಮಾನ್ಯ ಸೇವಾ ಕೇಂದ್ರಗಳಲ್ಲಿ ಆಧಾರ್ ಸಂಖ್ಯೆಯೊಡನೆ ವಿಚಾರಿಸಬಹುದು.

ಮಾರಾಟಕ್ಕಿಟ್ಟ ರ್ಯಾಕಿನ ಛಾಯಾಚಿತ್ರದಲ್ಲಿ ಗ್ಲಾಸುಗಳು ಖಾಲಿಯಾಗಿರಲಿ, ಮದ್ಯದ ಬಾಟಲಿಗಳ ಹೆಸರು ಕಾಣದಿರಲಿ. ಮಹಾರಾಷ್ಟ್ರದಲ್ಲಿ 1949ರ ಪಾನನಿರೋಧ ಕಾಯಿದೆಯು ಮದ್ಯದ ಜಾಹೀರಾತನ್ನು ನಿಷೇಧಿಸುತ್ತದೆ. ಚಿತ್ರದಲ್ಲಿ ತೇಗವೆಂದು ತೋರಿಸಿ ರಬ್ಬರ್ ಮರದ ರ್ಯಾಕ್ ಕಳುಹಿಸಿದರೆ, 2020ರ ಗ್ರಾಹಕ ಸಂರಕ್ಷಣಾ ನಿಯಮಗಳಂತೆ ಅದನ್ನು ಹಿಂದಕ್ಕೆ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ಗಿರಾಕಿಯ ದೂರನ್ನು ಪಡೆದಿರುವುದಾಗಿ 48 ಗಂಟೆಗಳೊಳಗೆ ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕಾಗುತ್ತದೆ. ಒಪ್ಪಿಗೆ ಪಡೆದ ನಕ್ಷೆ, ಮರದ ರಸೀದಿ, ಪೆಟ್ಟಿಗೆ ಮುಚ್ಚುವ ಮುನ್ನ ತೆಗೆದ ಚಿತ್ರ ಇವಿಷ್ಟನ್ನು ಪ್ರತಿ ಬೇಡಿಕೆಗೂ ಒಂದು ಕಡತದಲ್ಲಿ ಇಟ್ಟುಕೊಂಡಿದ್ದರೆ ಆ ಉತ್ತರ ಬರೆಯಲು ತಡವಾಗುವುದಿಲ್ಲ.